ನಾಲ್ಕು ಗಂಟೆಯ ನೀರು

ಫೆಬ್ರವರಿ 27

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಬಂದು ಎಂಟು ದಿನವಾಯಿತು. ಮೊದಲು ಬೈದು ಮುಗಿಸುತ್ತೇನೆ. ನನ್ನ ಪೆಟ್ಟಿಗೆಯೊಳಗೆ ಆ ಉಣ್ಣೆ ಶಾಲು ತುರುಕಿದ್ದು ನೀನೋ ನಿನ್ನ ಹೆಂಡತಿಯೋ? ಇಲ್ಲಿ ಕೂತಲ್ಲೇ ಬೆವರು ಇಳಿಯುತ್ತದೆ. ಶಾಲನ್ನು ಮಡಚಿ ಕುರ್ಚಿಗೆ ಹಾಕಿಕೊಂಡಿದ್ದೇನೆ, ಐವತ್ತೆರಡು ವರ್ಷದ ಸೊಂಟಕ್ಕೆ ಅಷ್ಟಾದರೂ ಉಪಕಾರವಾಯಿತು.

ಕೋಣೆ ಹೋದ ವರ್ಷದ್ದೇ. ತಗಡಿನ ಬೀರು ತುಕ್ಕು ಹಿಡಿದು ಮುಚ್ಚುವುದಿಲ್ಲ, ಟವೆಲ್ಲು ಒಣಗುವುದಿಲ್ಲ, ಕಿಟಕಿ ಗಾಜಿನ ಮೇಲೆ ಉಪ್ಪಿನ ಪೊರೆ. ಈ ದ್ವೀಪದ ಸಂಶೋಧನಾ ಕೇಂದ್ರದಲ್ಲಿದ್ದ ಒಂದೇ ಸ್ಯಾಟಲೈಟ್ ಫೋನಿನೊಳಗೆ ನೀರು ಹೋಗಿ ಅದನ್ನು ರಿಪೇರಿಗೆ ಕಳಿಸಿದ್ದಾರೆ. ಯಾವಾಗ ಬರುತ್ತದೋ ದೇವರೇ ಬಲ್ಲ. ಇನ್ನು ಕಾಗದವೇ ಗತಿ. ಹತ್ತು ದಿನಕ್ಕೊಮ್ಮೆ ದೋಣಿ ಬರುತ್ತದೆ, ಸಾಮಾನು ಇಳಿಸಿ, ಟಪಾಲು ಹಾಕಿಕೊಂಡು, ಮೂರು ಗಂಟೆ ನಿಂತು ಹೋಗುತ್ತದೆ. ಆಮೇಲೆ ನಿನ್ನ ಕೈ ಸೇರಲು ಏಳೆಂಟು ದಿನ.

ಕೆಲಸವೂ ಹಳೆಯದೇ. ಹವಳದ ದಿಬ್ಬದ ಮೇಲೆ ಐವತ್ತು ಮೀಟರಿನ ಟೇಪು ಹಾಸಿ, ಅದರುದ್ದಕ್ಕೂ ಈಜುತ್ತ, ಬದುಕಿರುವ ಹವಳವೆಷ್ಟು ಸತ್ತದ್ದೆಷ್ಟು ಎಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು. ಹತ್ತೊಂಬತ್ತು ವರ್ಷದಿಂದ ಅದೇ ಜಾಗ, ಅದೇ ಗೆರೆ. ಮೊದಲ ದಿನವೇ ಅಜ್ಜಿಯನ್ನು ನೋಡಿ ಬಂದೆ. ನಿನ್ನ ಹೆಂಡತಿ ಮತ್ತೆ ಗಾಬರಿ ಬೀಳದಿರಲಿ, ಅಜ್ಜಿ ಎಂದರೆ ಆ ಗುಂಡನೆಯ ಹವಳದ ಬಂಡೆ, ಮುನ್ನೂರು ವರ್ಷದ್ದು. ಸುತ್ತಳತೆ ತೆಗೆದೆ. ಒಂದು ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ದಪ್ಪಗಾಗಿದ್ದಾಳೆ, ನನ್ನ ಹಾಗೆಯೇ. ನೀರು ಈ ಸಲ ಸ್ವಲ್ಪ ಬೆಚ್ಚಗಿದೆ, ಅಷ್ಟೇ.

ನಮ್ಮ ಸಿಂಪಿ ಮರಿಗಳ ಶೆಡ್ಡಿನ ಸುದ್ದಿ ಬರೆ. ತಾಯಿ ಚಿಪ್ಪುಗಳು ಮೊಟ್ಟೆ ಬಿಟ್ಟವೇ? ಅಮ್ಮ ಸಾಕಿದ ಸಿಂಪಿ ತಳಿಯ ಭಾರವನ್ನೆಲ್ಲ ನಿನ್ನ ತಲೆಗೆ ಕಟ್ಟಿ ನಾನು ಬಂದು ಇಲ್ಲಿ ಮುಳುಗಿಕೊಂಡಿದ್ದೇನೆ ಎಂದು ಆಗಾಗ ಅನಿಸುತ್ತದೆ.

ಇಲ್ಲಿ ಎಲ್ಲ ಕ್ಷೇಮ.

ನಿನ್ನ ಅಕ್ಕ


ಮಾರ್ಚ್ 12

ಅಕ್ಕನಿಗೆ ನಮಸ್ಕಾರ.

ಶಾಲು ತುರುಕಿದ್ದು ಇವಳು. ನಾನು ಬೇಡ ಎಂದೆ. ಈ ಮನೆಯಲ್ಲಿ ನನ್ನ ಮಾತು ನಡೆಯುವುದು ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ, ನಿನಗೆ ಗೊತ್ತೇ ಇದೆ.

ಶೆಡ್ಡು ನಡೆಯುತ್ತಿದೆ. ಒಂದು ಸಲ ಮೊಟ್ಟೆ ಬಿಡಿಸಿಯಾಯಿತು. ಮರಿಗಳು ಸ್ವಲ್ಪ ನಿಧಾನ. ಕೊಲ್ಲಿಯಲ್ಲಿ ಚಿಪ್ಪು ಬೆಳೆಸುವವರು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಏನಣ್ಣ, ಮರಿ ಯಾವಾಗ ಕೊಡ್ತೀಯ?" ಅಂತ. "ಆಗುತ್ತೆ, ಆಗುತ್ತೆ, ಅವಸರ ಮಾಡಿದ್ರೆ ಮರಿ ಹುಟ್ಟುತ್ತಾ?" ಅಂತ ಹಲ್ಲು ಕಿರಿದು ಕಳಿಸುತ್ತೇನೆ. ಹಲ್ಲು ಕಿರಿದೂ ಕಿರಿದೂ ದವಡೆ ನೋಯುತ್ತಿದೆ.

ಕೊಲ್ಲಿಯ ಆಚೆ ದಡದಲ್ಲಿ ಚಿಕ್ಕಮ್ಮನ ಶೆಡ್ಡಿನಲ್ಲಿ ಮಾತ್ರ ಮರಿ ಉಕ್ಕಿ ಹರಿಯುತ್ತಿವೆಯಂತೆ. ಅವಳೇ ಹೇಳಿಕೊಂಡು ತಿರುಗುತ್ತಿದ್ದಾಳೆ. ಅಮ್ಮನ ಕೈಯಿಂದಲೇ ನಲವತ್ತು ತಾಯಿ ಚಿಪ್ಪು ಇಸಿದುಕೊಂಡು ಹೋಗಿ ಅಮ್ಮನ ಎದುರೇ ಶೆಡ್ಡು ಹಾಕಿದ ಗಟ್ಟಿಗಿತ್ತಿ. ಅಮ್ಮ ಹೋದ ದಿನ ಬಂದು ಮೂಲೆಯಲ್ಲಿ ಕೂತು ಎದ್ದು ಹೋದಳು, ನನ್ನ ಜೊತೆ ಒಂದು ಮಾತಿಲ್ಲ. ಇರಲಿ, ಚೆನ್ನಾಗಿರಲಿ. ನನ್ನ ಹೊಟ್ಟೆ ಏನೂ ಉರಿಯುತ್ತಿಲ್ಲ.

ಮಗಳು ಶಾಲೆಗೆ ಹವಳದ ಚಾರ್ಟು ಮಾಡುತ್ತಿದ್ದಾಳೆ. "ಅಜ್ಜಿ ಬಂಡೆ ಯಾವ ಬಣ್ಣ ಅಂತ ಅತ್ತೇನ ಕೇಳಪ್ಪ, ಸುಮ್ಮನೆ ಕೆಂಪು ಹಾಕಿದ್ರೆ ಟೀಚರ್ ಬೈತಾರೆ" ಎಂದಳು. ಬರೆದು ಕಳಿಸು.

ಇಲ್ಲೂ ಎಲ್ಲ ಕ್ಷೇಮ.

ತಮ್ಮ


ಮಾರ್ಚ್ 29

ಪ್ರೀತಿಯ ತಮ್ಮನಿಗೆ,

ಮಗಳಿಗೆ ಹೇಳು, ಅಜ್ಜಿ ಜೇನಿನ ಬಣ್ಣ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಕಾಣುವ ಜೇನು. ಮೇಲೆ ಅಲ್ಲಲ್ಲಿ ಸಣ್ಣ ಹುಳುಗಳು ಗೂಡು ಕಟ್ಟಿಕೊಂಡಿರುತ್ತವೆ, ನೀಲಿ ಹಳದಿ ಕುಚ್ಚಿನಂತೆ ತಲೆ ಹೊರಗೆ ಹಾಕಿಕೊಂಡು. ಹತ್ತಿರ ಹೋದರೆ ಚಕ್ಕನೆ ಒಳಗೆ. ಅದನ್ನೂ ಬರೆಯಲಿ.

ನೀರಿನೊಳಗೆ ಈಗ ಎಷ್ಟು ಬೆಳಕು ಗೊತ್ತಾ? ಕೆಳಗೆ ಹತ್ತು ಮೀಟರಿನಲ್ಲೂ ದೀಪ ಬೇಕಾಗುವುದಿಲ್ಲ. ಎಲ್ಲಿ ನೋಡಿದರೂ ಬೆಳ್ಳಗೆ ಹೊಳೆಯುತ್ತದೆ. ಕಣ್ಣು ನೋಯುತ್ತದೆ.

ದಿನಕ್ಕೆ ಎರಡು ಸಲ ಮುಳುಗುತ್ತೇನೆ. ಮೇಲೆ ಬಂದು ಲೆಕ್ಕ ಬರೆದು ಮಲಗಿದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ, ವಯಸ್ಸು. ದಿಬ್ಬದ ಪಕ್ಕದಲ್ಲಿ ನೀರಿನ ಹುಳಿ ಅಳೆಯುವ ಯಂತ್ರ ಕಟ್ಟಿದ್ದೇವೆ, ಎರಡು ವರ್ಷದಿಂದ ಗಂಟೆಗೊಮ್ಮೆ ಬರೆದಿಡುತ್ತದೆ. ಆ ಏರಿಳಿತದ ಗೆರೆಗಳನ್ನೆಲ್ಲ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿಕೊಂಡು ಕೂತಿದ್ದೇನೆ. ಕೇಂದ್ರದ ಮುಖ್ಯಸ್ಥರು ಬಂದು, "ಏನಮ್ಮ ಇದು, ಗೋಡೆಗೆ ಜ್ವರ ಬಂದಿದೆಯಾ?" ಎಂದರು. ನಗು ಬರಲಿಲ್ಲ. ಅವರಿಗೂ ಬರಲಿಲ್ಲ.

ಮರಿಗಳು ನಿಧಾನ ಎಂದೆಯಲ್ಲ, ಈಗ ಹೇಗಿವೆ? ಮೈಕ್ರೋಸ್ಕೋಪಿನ ಮಸೂರ ಒರೆಸು. ಕೊಳಕು ಮಸೂರದಲ್ಲಿ ನೋಡಿ ಗಾಬರಿಯಾಗುವುದು ನಿನ್ನ ಹಳೇ ಚಾಳಿ.

ನಿನ್ನ ಅಕ್ಕ


ಏಪ್ರಿಲ್ 12

ಅಕ್ಕ,

ಅಷ್ಟು ತಿಳಿನೀರಿನಲ್ಲಿ ಈಜುತ್ತಿದ್ದೀಯ ಎಂದು ಓದಿ ಹೊಟ್ಟೆಕಿಚ್ಚಾಯಿತು. ನಿಜ ಹೇಳುತ್ತೇನೆ. ಒಬ್ಬರಾದರೂ ಸುಖವಾಗಿದ್ದಾರಲ್ಲ ಎಂದು ಸಮಾಧಾನವೂ ಆಯಿತು.

ನನ್ನದು ಹೇಳುತ್ತೇನೆ, ಬೈಯಬೇಡ. ಮರಿಗಳು ನಿಧಾನ ಎಂದು ಬರೆದಿದ್ದೆ. ಸುಳ್ಳು. ಅವು ಆಗಲೇ ಸತ್ತು ತಳದಲ್ಲಿ ಕೂತಿದ್ದವು. ಎರಡನೆಯ ಸಲ ಬಿಡಿಸಿದ ಮೊಟ್ಟೆಗಳದೂ ಅದೇ ಗತಿ. ಮೊದಲ ದಿನ ಚೆನ್ನಾಗಿ ಸುತ್ತುತ್ತವೆ. ಎರಡನೆಯ ದಿನಕ್ಕೆ ಮೈಮೇಲೆ ಚಿಪ್ಪು ಮೂಡಬೇಕಲ್ಲ, ಅರ್ಧಚಂದ್ರದ ಹಾಗೆ, ಆ ಚಿಪ್ಪು ಮೂಡುವುದಿಲ್ಲ. ಮೂಡಿದರೂ ಅಂಚು ಕಚ್ಚಿದಂತೆ ಇರುತ್ತದೆ. ಮೂರನೆಯ ದಿನ ಬೆಳಿಗ್ಗೆ ತೊಟ್ಟಿಯಲ್ಲಿ ಏನೂ ಅಲ್ಲಾಡುವುದಿಲ್ಲ. ಅರವತ್ತು ಲಕ್ಷ ಮರಿ ಅಕ್ಕ, ಚರಂಡಿಗೆ ಚೆಲ್ಲಿದೆ. ಮಸೂರ ಒರೆಸಿಯೇ ನೋಡಿದೆ.

ರೋಗ ಇರಬೇಕು ಎಂದುಕೊಂಡೆ. ತೊಟ್ಟಿ ಉಜ್ಜಿದೆ, ಕೊಳವೆ ಬದಲಿಸಿದೆ, ಸೋಸುವ ಬಟ್ಟೆ ಕುದಿಸಿದೆ. ಇವಳು "ಮನೇನ ಒಂದಿನ ಹೀಗೆ ತೊಳೆದಿದ್ರೆ ನಾನು ಬದುಕ್ಕೊಳ್ತಿದ್ದೆ" ಎಂದಳು. ನೀರು ಶುದ್ಧವಿಲ್ಲ ಎಂಬುದೇ ನನ್ನ ಅನುಮಾನ. ಸೂರ್ಯ ಹುಟ್ಟುವ ಮೊದಲೇ ತೊಟ್ಟಿ ತುಂಬಬೇಕು, ದೋಣಿಗಳು ಹೊರಟು ಕೆಸರು ಕಲಕುವ ಮುಂಚೆ, ಇದು ಅಮ್ಮನ ಕಟ್ಟುನಿಟ್ಟು. ಐದಕ್ಕೆ ಪಂಪು ಹಾಕುತ್ತಿದ್ದೆ. ಈಗ ಇನ್ನೂ ಹಿಂದಕ್ಕೆ ತಂದಿದ್ದೇನೆ, ಮೂರೂವರೆಗೇ ಎದ್ದು ತುಂಬುತ್ತೇನೆ.

ಉಳಿದಿರುವುದು ಮೂವತ್ತೆಂಟು ತಾಯಿ ಚಿಪ್ಪು. ಅದರಲ್ಲಿ ಅರ್ಧ ಗಂಡು, ಆದರೂ ಅಮ್ಮ ಎಲ್ಲವನ್ನೂ ತಾಯಿ ಎಂದೇ ಕರೆದಳು, ನಾನೂ ಹಾಗೇ ಕರೆಯುತ್ತೇನೆ. ಅಮ್ಮನ ತಳಿಯಲ್ಲಿ ಉಳಿದದ್ದು ಇವಿಷ್ಟೇ. ಎಲ್ಲ ಮುದಿಯಾಗಿವೆ, ಈ ಸೆಕೆಯಲ್ಲಿ ಬಾಯಿ ಬಿಟ್ಟು ಸಾಯಲು ಹೊತ್ತು ಬೇಕಿಲ್ಲ. ಮೇ ಆರಕ್ಕೆ ಮೊಟ್ಟೆ ಬಿಡಿಸಲೇಬೇಕು. ಅದಕ್ಕಿಂತ ತಡ ಮಾಡಿದರೆ ಶಾಖಕ್ಕೆ ತಾವೇ ಚೆಲ್ಲಿಬಿಡುತ್ತವೆ. ಈ ಸಲವೂ ಹೋದರೆ ತಳಿ ಹೋಯಿತು, ಶೆಡ್ಡೂ ಹೋಯಿತು.

ನೀನು ಸಮುದ್ರದ ನೀರನ್ನೇ ಓದಿದವಳು. ನನ್ನ ತಪ್ಪು ಎಲ್ಲಿ? ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಮೇ ಆರರ ತನಕ ಟಪಾಲಿನವನ ದಾರಿ ಕಾಯುತ್ತೇನೆ.

ತಮ್ಮ


ಏಪ್ರಿಲ್ 29

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ತಡವಾಗಿ ಕೈ ಸೇರಿತು. ಮೊದಲು ಕೆಲಸದ ಮಾತು.

ಬೆಳಗಿನ ಜಾವದ ನೀರನ್ನು ತುಂಬಬೇಡ. ತುಂಬಲೇ ಬೇಡ. ಮಧ್ಯಾಹ್ನ ನಾಲ್ಕು ಗಂಟೆಯ ನೀರು ತುಂಬು, ಚೆನ್ನಾಗಿ ಬಿಸಿಲು ಬಿದ್ದ ದಿನ.

ಯಾಕೆ ಎಂದು ಹೇಳುತ್ತೇನೆ. ಹಗಲಿನಲ್ಲಿ ಕೊಲ್ಲಿಯ ಪಾಚಿ, ಹುಲ್ಲು ಎಲ್ಲ ಬಿಸಿಲಿನಲ್ಲಿ ನೀರಿನ ಇಂಗಾಲದ ಅನಿಲವನ್ನು ಹೀರಿಕೊಳ್ಳುತ್ತವೆ. ರಾತ್ರಿ ಹೀರುವುದು ನಿಲ್ಲುತ್ತದೆ, ಎಲ್ಲವೂ ಉಸಿರು ಬಿಡುವುದಷ್ಟೇ. ಆ ಅನಿಲ ನೀರಿಗೆ ಸೇರಿ ನೀರು ಹುಳಿಯಾಗುತ್ತ ಹೋಗುತ್ತದೆ, ಬೆಳಗಿನ ಜಾವದಲ್ಲಿ ಎಲ್ಲಕ್ಕಿಂತ ಹೆಚ್ಚು. ನಾಲಿಗೆಗೆ ತಿಳಿಯುವ ಹುಳಿಯಲ್ಲ. ಒಂದು ದಿನದ ಮರಿಗೆ ತಿಳಿಯುತ್ತದೆ. ಅಂಥ ನೀರಿನಲ್ಲಿ ಅದು ಎಷ್ಟು ಹೆಣಗಿದರೂ ಚಿಪ್ಪು ಕಟ್ಟಲಾರದು. ಅಮ್ಮನ ಕಾಲದಲ್ಲೂ ಬೆಳಗಿನ ನೀರು ಒಂದಿಷ್ಟು ಹುಳಿಯೇ ಇತ್ತು. ಆದರೆ ಆಗ ಸಮುದ್ರಕ್ಕೆ ತಾಳಿಕೊಳ್ಳುವ ಶಕ್ತಿ ಇತ್ತು. ಈಗ ಚಿಮಣಿ, ಗಾಡಿಗಳ ಹೊಗೆಯಲ್ಲಿ ಒಂದು ಪಾಲನ್ನು ಸಮುದ್ರವೇ ನುಂಗಿ ನುಂಗಿ ಹಗಲಿನ ನೀರೂ ಮೊದಲಿನಂತೆ ಉಳಿದಿಲ್ಲ. ಬೆಳಗಿನ ಜಾವ ಹುಳಿ ಮರಿಗಳು ತಾಳುವ ಮಿತಿ ದಾಟಿಬಿಡುತ್ತದೆ. ನೀನು ಮೂರೂವರೆಗೆ ಎದ್ದು, ನಿದ್ದೆಗೆಟ್ಟು, ಕೊಲ್ಲಿಯಲ್ಲೇ ಕೆಟ್ಟ ನೀರನ್ನು ಆರಿಸಿ ತುಂಬುತ್ತಿದ್ದೀಯ.

ಎರಡು ವರ್ಷದ ಆ ಗೆರೆ ನನ್ನ ಗೋಡೆಯ ಮೇಲೇ ಇದೆ. ದಿನಾ ಬೆಳಗಿನ ಜಾವ ಕೆಳಗೆ ಬೀಳುತ್ತದೆ, ದಿನಾ ನೋಡುತ್ತೇನೆ. ಅಮ್ಮ ಪಂಪು ಹಾಕುತ್ತಿದ್ದ ಹೊತ್ತು ಅದೇ ಎಂದು ಒಂದು ದಿನವೂ ಹೊಳೆಯಲಿಲ್ಲ. ಅಮ್ಮ ಹೇಳಿದ್ದರಲ್ಲಿ ತಪ್ಪಿರಬಹುದು ಎಂದು ಯೋಚಿಸುವ ಅಭ್ಯಾಸವೇ ನಮ್ಮಿಬ್ಬರಿಗೂ ಇಲ್ಲ.

ನಾಲ್ಕು ಗಂಟೆಯ ನೀರೂ ಶಾಶ್ವತ ಪರಿಹಾರವಲ್ಲ. ಇನ್ನೆಷ್ಟು ವರ್ಷ ನಡೆಯುತ್ತದೋ ನನಗೆ ಗೊತ್ತಿಲ್ಲ. ಆದರೆ ಈ ವರ್ಷಕ್ಕೆ ಸಾಕು.

ಇನ್ನೊಂದು. ನೀರು ತಿಳಿಯಾಗಿಲ್ಲ ತಮ್ಮ. ಹವಳ ಬಿಳಿಯಾಗಿದೆ. ನಾನು ಬಂದಾಗಲೇ ಶುರುವಾಗಿತ್ತು. ನೀರು ಹನ್ನೊಂದು ವಾರದಿಂದ ಕಾದಿದೆ, ಒಮ್ಮೊಮ್ಮೆ ಮೂವತ್ತೆರಡು ಡಿಗ್ರಿ. ಹವಳದ ಮೈಯೊಳಗೆ ಅದಕ್ಕೆ ಊಟ ಹಾಕುವ ಪಾಚಿ ಇರುತ್ತದೆ, ಬಣ್ಣವೂ ಅದರದ್ದೇ. ಶಾಖ ತಾಳಲಾರದೆ ಹವಳ ಆ ಪಾಚಿಯನ್ನೇ ಹೊರಗೆ ಹಾಕಿಬಿಡುತ್ತದೆ, ಆಮೇಲೆ ಹಸಿದು ಕೂರುತ್ತದೆ. ಕವಲು ಹವಳಗಳೆಲ್ಲ ಸತ್ತು ಈಗ ಹಸಿರು ಲೋಳೆ ಹಿಡಿದಿವೆ. ಅವುಗಳ ಸಂದಿಯಲ್ಲಿದ್ದ ಸಣ್ಣ ಮೀನುಗಳಿಗೆ ಹೋಗಲು ಜಾಗವಿಲ್ಲ. ಅಜ್ಜಿಯ ತಲೆಯ ಭಾಗ ಪೂರ್ತಿ ಬಿಳಿ. ಜೇನಿನ ಬಣ್ಣ ಎಂದು ಮಗಳಿಗೆ ಸುಳ್ಳು ಬರೆದೆ. ಅವಳ ಚಾರ್ಟು ಹಾಗೇ ಇರಲಿ.

ನಿನ್ನ ಅಕ್ಕ


ಮೇ 9

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ಎಂಟನೆಯ ತಾರೀಕು.

ಆರನೆಯ ತಾರೀಕು ಮೊಟ್ಟೆ ಬಿಡಿಸಿದೆ. ಐದರ ತನಕ ದಿನಾ ಅಂಚೆ ಕಚೇರಿಗೆ ಹೋಗಿ ಕಾದೆ. ಅಲ್ಲಿನವನು ನನ್ನನ್ನು ನೋಡಿದ ಕೂಡಲೇ ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಿದ್ದ. ಕೊನೆಗೆ ಇನ್ನು ತಡೆಯುವಂತಿರಲಿಲ್ಲ, ನಾಲ್ಕು ಚಿಪ್ಪು ತಾವೇ ಚೆಲ್ಲಲು ಶುರು ಮಾಡಿದ್ದವು. ಮೂರಕ್ಕೆ ಎದ್ದು ತೊಟ್ಟಿ ತುಂಬಿದೆ. ಈ ಸಲ ಇವಳೂ ಎದ್ದು ಬಂದು ಟಾರ್ಚು ಹಿಡಿದಳು. ಎಷ್ಟು ಚೆನ್ನಾಗಿ ಬಿಟ್ಟವು ಅಂತೀಯ! ನೀರು ಹಾಲಿನ ಹಾಗಾಯಿತು. ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು.

ನಿನ್ನೆ ಬೆಳಿಗ್ಗೆ ನೋಡಿದೆ. ಎಲ್ಲ ತಳ ಸೇರಿದ್ದವು. ಹತ್ತು ಗಂಟೆಗೆ ನಿನ್ನ ಕಾಗದ ಬಂತು. ತೊಟ್ಟಿಯ ಪಕ್ಕದಲ್ಲೇ ನಿಂತು ಓದಿದೆ. ನಾಲ್ಕು ಗಂಟೆಯ ನೀರು ಎಂಬಲ್ಲಿಗೆ ಬಂದಾಗ ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಒಂದು ವಾರ ಅಕ್ಕ. ಒಂದೇ ಒಂದು ವಾರ ಮೊದಲು ಬಂದಿದ್ದರೆ!

ನಿನ್ನ ತಪ್ಪಲ್ಲ. ನೀನೇನು ಮಾಡುತ್ತೀಯ, ದೋಣಿ ತಡವಾದರೆ. ನಾನೇ ಮೊದಲ ಸಲ ಸತ್ತಾಗಲೇ ಬಾಯಿ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ನನ್ನ ಜಂಭ ನನ್ನನ್ನು ತಿಂದಿತು.

ಮೊಟ್ಟೆ ಬಿಟ್ಟು ಸೊರಗಿದ ಚಿಪ್ಪುಗಳಲ್ಲಿ ಹದಿನೇಳು ಆಗಲೇ ಸತ್ತವು. ಉಳಿದವೂ ಈ ಬೇಸಗೆ ದಾಟುವುದಿಲ್ಲ. ಕೊಲ್ಲಿಯವರಿಗೆ ಹೇಳಿಬಿಟ್ಟೆ, ಈ ವರ್ಷ ಮರಿ ಇಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿಯ ವಿಷಯ ಓದಿ ಬೇಜಾರಾಯಿತು. ಒಬ್ಬಳೇ ಇಷ್ಟು ದಿನ ಅದನ್ನು ನುಂಗಿಕೊಂಡಿದ್ದೀಯಲ್ಲ. ಮೈ ನೋಡಿಕೋ. ಎರಡು ಸಲ ಮುಳುಗಬೇಡ.

ತಮ್ಮ


ಮೇ 20

ತಮ್ಮ,

ದೋಣಿ ದಡದಲ್ಲಿದೆ. ನಿನ್ನ ಕಾಗದ ಓದಿ ಕಾಲು ಗಂಟೆಯಾಯಿತು. ಈ ದೋಣಿಗೇ ಇದನ್ನು ಹಾಕುತ್ತೇನೆ, ಇಲ್ಲದಿದ್ದರೆ ಮತ್ತೆ ಹಾಕಲಾರೆ.

ನಿನ್ನ ಏಪ್ರಿಲ್ ಕಾಗದ ತಡವಾಗಿ ಬರಲಿಲ್ಲ. ಏಪ್ರಿಲ್ ಇಪ್ಪತ್ತರ ದೋಣಿಗೇ ಬಂತು. ಓದಿದ ಐದು ನಿಮಿಷಕ್ಕೆ ನನಗೆ ಉತ್ತರ ಗೊತ್ತಾಯಿತು, ಗೋಡೆಯ ಕಡೆ ತಿರುಗಿದರೆ ಸಾಕಿತ್ತು. ಬರೆದೆ. ಮಡಚಿ ಲಕೋಟೆಗೆ ಹಾಕಿದೆ. ದೋಣಿ ಇನ್ನೂ ಎರಡು ಗಂಟೆ ನಿಲ್ಲುವುದಿತ್ತು. ಮೆಟ್ಟಿಲ ಮೇಲೆ ಲಕೋಟೆ ಹಿಡಿದು ಕೂತೆ, ದೋಣಿ ಹೋಗುವುದನ್ನು ನೋಡಿದೆ.

ಯಾಕೆ ಎಂದು ಆಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿನಗೆ ಬೆಳಗಿನ ನೀರಿನ ವಿಷಯ ಹೇಳಬೇಕೆಂದರೆ ಗೆರೆಯ ವಿಷಯ ಹೇಳಬೇಕು. ಗೆರೆಯ ವಿಷಯ ಹೇಳಿದರೆ ಇಲ್ಲಿ ನಡೆಯುತ್ತಿರುವುದೆಲ್ಲ ಹೊರಗೆ ಬರಬೇಕು. ಮಗುವಿಗೆ ಜೇನು ಎಂದು ಬರೆದಿದ್ದೆ. ಹತ್ತೊಂಬತ್ತು ವರ್ಷ ಎಣಿಸಿ ಎಣಿಸಿ ಕೊನೆಗೆ ಒಂದನ್ನೂ ಉಳಿಸಲಾಗಲಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಅಮ್ಮನ ಕಟ್ಟುನಿಟ್ಟೇ ಅಮ್ಮನ ಮರಿಗಳನ್ನು ಕೊಂದಿತು ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ. ಹತ್ತು ದಿನದಲ್ಲಿ ಏನಾಗುತ್ತದೆ, ಮುಂದಿನ ದೋಣಿಗೆ ಚೆನ್ನಾಗಿ ಬರೆದು ಹಾಕೋಣ ಎಂದುಕೊಂಡೆ. ನೀನು ಮೇ ಆರು ಎಂದು ಸ್ಪಷ್ಟವಾಗಿ ಬರೆದಿದ್ದೆ. ಲೆಕ್ಕ ಹಾಕುವುದೇ ನನ್ನ ಕೆಲಸ, ಆ ಒಂದು ಲೆಕ್ಕ ಹಾಕಲಿಲ್ಲ. ಅಥವಾ ಹಾಕಿಯೂ ಸುಮ್ಮನಾದೆನೋ ಏನೋ, ಗೊತ್ತಿಲ್ಲ.

ಆಮೇಲೆ ಕಾಗದದ ಮೊದಲ ಸಾಲಿನಲ್ಲೇ ತಡವಾಗಿ ಸೇರಿತು ಎಂದು ಸುಳ್ಳು ಬರೆದೆ. ಅದನ್ನು ನಂಬಿ ನೀನು "ನಿನ್ನ ತಪ್ಪಲ್ಲ" ಎಂದು ಬರೆದೆ. ಆ ಸಾಲು ಓದಿ ನನಗೆ ಕೂರಲಾಗಲಿಲ್ಲ. ನನ್ನ ತಪ್ಪೇ ತಮ್ಮ.

ಅಮ್ಮನ ತಳಿ ಇನ್ನೊಂದು ಕಡೆ ಇದೆ. ಚಿಕ್ಕಮ್ಮನ ಹತ್ತಿರ. ಅವಳು ತೆಗೆದುಕೊಂಡು ಹೋದದ್ದು ಇದೇ ಚಿಪ್ಪಿನ ಒಡಹುಟ್ಟುಗಳನ್ನೇ. ಹೋಗಿ ಕೇಳು. ಕೇಳುವ ಮೊದಲು ನೀರಿನ ವಿಷಯ ಹೇಳು, ಅವಳು ಕೊಟ್ಟರೂ ಸರಿ, ಬಿಟ್ಟರೂ ಸರಿ. ಅವಳೂ ಅಮ್ಮನ ಕೈಯಲ್ಲೇ ಕಲಿತವಳು.

ಅಜ್ಜಿ ಹೋದಳು, ಹನ್ನೊಂದನೆಯ ತಾರೀಕು. ಬೆರಳಿಟ್ಟು ನೋಡಿದೆ, ಜೀವವಿದ್ದರೆ ಒಂದು ನುಣುಪು ಇರುತ್ತದೆ, ಅದು ಇರಲಿಲ್ಲ, ಬರೀ ಕಲ್ಲು. ಬದುಕಿರುವ ಭಾಗ ಎಂಬಲ್ಲಿ ಸೊನ್ನೆ ಬರೆದೆ. ಮುಖವಾಡದೊಳಗೆ ಅತ್ತರೆ ಒರೆಸಿಕೊಳ್ಳಲೂ ಆಗುವುದಿಲ್ಲ, ಏನೂ ಕಾಣದೆ ಮೇಲೆ ಬಂದೆ. ಮುಖ್ಯಸ್ಥರು ಇನ್ನೊಂದು ವರ್ಷ ಇರಿ, ಸತ್ತದ್ದನ್ನೂ ಯಾರಾದರೂ ಎಣಿಸಬೇಕಲ್ಲ ಎನ್ನುತ್ತಿದ್ದಾರೆ. ಏನು ಹೇಳಲೋ ತಿಳಿಯದು.

ದೋಣಿಯವನು ಕೂಗುತ್ತಿದ್ದಾನೆ.

ಅಕ್ಕ


ಜೂನ್ 1

ಕಾಗದ ತಲುಪಿತು.

ಅಜ್ಜಿ ಹೋದ ವಿಷಯ ಮಗಳಿಗೆ ಹೇಳಿದ್ದೇನೆ.

ತಮ್ಮ


ಜೂನ್ 9

ತಮ್ಮ,

ಎರಡು ಸಾಲು ಬಂತು. ಅಷ್ಟನ್ನಾದರೂ ಬರೆದೆಯಲ್ಲ.

ನಾನು ಕ್ಷಮೆ ಕೇಳಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಚಿಕ್ಕಮ್ಮನ ಹತ್ತಿರ ಹೋದೆಯಾ ಎಂಬುದೊಂದನ್ನು ತಿಳಿಸು. ಅವಳದ್ದಾದರೂ ಉಳಿಯಲಿ. ಬೇರೇನೂ ಬರೆಯದಿದ್ದರೂ ಚಿಂತೆಯಿಲ್ಲ.

ಅಕ್ಕ


ಜುಲೈ 6

ಅಕ್ಕ,

ಹತ್ತು ದಿನ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಶೆಡ್ಡಿನಲ್ಲಿ ನಿನ್ನ ಹಳೇ ರಬ್ಬರ್ ಚಪ್ಪಲಿ ಇತ್ತಲ್ಲ, ಅದನ್ನು ಎತ್ತಿ ಕೊಲ್ಲಿಗೆ ಎಸೆದೆ. ಮಾರನೆಯ ದಿನ ಅಲೆ ಅದನ್ನು ತಂದು ದಡಕ್ಕೆ ಹಾಕಿತ್ತು. ಇವಳು ಎತ್ತಿ ತೊಳೆದು ಇಟ್ಟಿದ್ದಾಳೆ.

ಹೋಗು ಹೋಗು ಎನ್ನುವ ಇವಳ ಕಾಟ ತಡೆಯಲಾರದೆ ಚಿಕ್ಕಮ್ಮನ ಹತ್ತಿರ ಹೋದೆ. ಬಾಗಿಲಲ್ಲೇ ನಿಂತು, "ಏನು, ದಾರಿ ತಪ್ಪಿತಾ?" ಎಂದಳು. ಕೂದಲೆಲ್ಲ ಬೆಳ್ಳಗಾಗಿದೆ. ನಿಂತ ನಿಲುವು ಮಾತ್ರ ಥೇಟ್ ಅಮ್ಮ.

"ಇಲ್ಲ ಚಿಕ್ಕಮ್ಮ, ನಿನ್ನ ಹತ್ರಾನೇ ಬಂದೆ. ನನ್ನ ಮರಿ ಎಲ್ಲಾ ಸತ್ತೋದ್ವು. ಮೂರು ಸಲ."

ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಆಮೇಲೆ ಹೇಳಿದಳು, "ಮೂರಾ? ನಂದು ನಾಲ್ಕು."

"ಮತ್ತೆ ಉಕ್ಕಿ ಹರೀತಿದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದ್ಯಲ್ಲ?"

"ನಿಂಗೆ ಗೊತ್ತಾಗಬಾರ್ದು ಅಂತ."

"ನೀರು ಎಷ್ಟೊತ್ತಿಗೆ ತುಂಬ್ತೀಯ?"

"ಇದೆಂಥ ಪ್ರಶ್ನೆ! ನಿಮ್ಮಮ್ಮ ಹೇಳ್ಕೊಟ್ಟ ಹೊತ್ತಿಗೆ."

ಇಬ್ಬರೂ ಕೊಲ್ಲಿಯ ಎರಡು ದಡದಲ್ಲಿ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಕತ್ತಲಲ್ಲಿ ಎದ್ದು ಒಂದೇ ಕೆಲಸ ಮಾಡುತ್ತಿದ್ದೆವು. ನೀನು ಬರೆದದ್ದನ್ನು ಓದಿ ಹೇಳಿದೆ. ಎರಡು ಸಲ ಓದಿಸಿದಳು. "ಹಂಗಾದ್ರೆ ನಮ್ಮಕ್ಕ ಹೇಳಿದ್ದು ತಪ್ಪಾ?" ಎಂದಳು. ತಪ್ಪಲ್ಲ ಚಿಕ್ಕಮ್ಮ, ಆಗ ಸರಿಯಿತ್ತು, ಸಮುದ್ರ ಬದಲಾಗಿದೆ ಎಂದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಹೋದ ದಿನ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅವಳ ಹತ್ತಿರ ಉಳಿದದ್ದು ಇಪ್ಪತ್ತಾರು ಚಿಪ್ಪು. ಹಂಚಿಕೊಳ್ಳುವಷ್ಟಿಲ್ಲ, ಒಂದೇ ತೊಟ್ಟಿಗೆ ಹಾಕೋಣ ಎಂದಳು. ಜೂನ್ ಹದಿನಾಲ್ಕು, ಒಳ್ಳೆಯ ಬಿಸಿಲು. ನಾಲ್ಕು ಗಂಟೆಗೆ ಪಂಪಿನ ಸ್ವಿಚ್ಚಿನ ಮೇಲೆ ಕೈಯಿಟ್ಟವಳು ಒತ್ತಲೇ ಇಲ್ಲ. "ಇಷ್ಟು ಬಿಸಿಲಲ್ಲಾ? ನಮ್ಮಕ್ಕ ನೋಡಿದ್ರೆ ಬೆನ್ನಿಗೆ ಬಿಡ್ತಿದ್ಲು ಕಣೋ!" ಎಂದಳು. ನಾನೇ ಅವಳ ಕೈ ಮೇಲೆ ಕೈಯಿಟ್ಟು ಒತ್ತಿದೆ.

ಮೂರನೆಯ ದಿನ ಮೈಕ್ರೋಸ್ಕೋಪಿಗೆ ಕಣ್ಣಿಡಲು ಇಬ್ಬರಿಗೂ ಧೈರ್ಯವಿಲ್ಲ. ನೀನು ನೋಡು, ನೀನು ನೋಡು ಎಂದು ಜಗಳ. ಕೊನೆಗೆ ಇವಳು ಬಂದು ನೋಡಿದಳು. "ಅರ್ಧಚಂದ್ರ ಅಂತೀರಲ್ಲ, ಇದೇನಾ?" ಎಂದಳು. ಅಂಚು ಕಚ್ಚಿರಲಿಲ್ಲ ಅಕ್ಕ, ನುಣ್ಣಗೆ ಉರುಟಾಗಿತ್ತು. ಎಲ್ಲದರದ್ದೂ ಅಲ್ಲ. ಬಹಳಷ್ಟು ಸತ್ತವು, ಮೋಡ ಕವಿದ ಎರಡು ದಿನ ನೀರು ಬದಲಿಸಲಾಗದೆ ಮತ್ತಷ್ಟು ಸತ್ತವು. ಮೊನ್ನೆ ಉಳಿದವು ಹಳೇ ಚಿಪ್ಪಿಗೆ ಅಂಟಿಕೊಂಡವು, ಅಂಟಿಕೊಂಡರೆ ಅರ್ಧ ಗೆದ್ದ ಹಾಗೆ. ನಲವತ್ತೊಂದು ಸಾವಿರ. ಅಮ್ಮನಾಗಿದ್ದರೆ ಇಷ್ಟೇನಾ ಎಂದು ತೊಟ್ಟಿ ಚೆಲ್ಲಿ ಮತ್ತೆ ಶುರು ಮಾಡಿಸುತ್ತಿದ್ದಳು. ನಾವು ಎರಡೆರಡು ಸಲ ಎಣಿಸಿದೆವು.

ಇದರಲ್ಲಿ ಕೊಲ್ಲಿಯವರಿಗೆ ಕೊಡಲು ಒಂದೂ ಇಲ್ಲ. ಎಲ್ಲವನ್ನೂ ತಾಯಿಗೆಂದು ಇಟ್ಟುಕೊಳ್ಳುತ್ತೇವೆ. ದೊಡ್ಡವಾಗಲು ಎರಡು ವರ್ಷ. ಅಷ್ಟರಲ್ಲಿ ನಾಲ್ಕು ಗಂಟೆಯ ನೀರೂ ಏನಾಗಿರುತ್ತದೋ. ನಮ್ಮ ಕೊಲ್ಲಿಯಲ್ಲಿ ಹುಳಿ ಅಳೆಯುವ ಯಂತ್ರವಿಲ್ಲ, ಇದ್ದರೂ ಆ ಗೆರೆ ಓದುವವರಿಲ್ಲ. ಚಿಕ್ಕಮ್ಮ ನೀರಿಗೆ ಬೆರಳದ್ದಿ ನೆಕ್ಕಿ ನೋಡಿ, "ಸರಿ ಇದೆ" ಎನ್ನುತ್ತಾಳೆ. ಏನು ಗೊತ್ತಾಗುತ್ತದೋ ಅವಳಿಗೆ!

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಆ ಮೂವತ್ತೆಂಟು ಚಿಪ್ಪು ಕಣ್ಣ ಮುಂದೆ ಬರುತ್ತವೆ, ಮೆಟ್ಟಿಲ ಮೇಲೆ ಲಕೋಟೆ ಹಿಡಿದು ಕೂತ ನೀನೂ ಬರುತ್ತೀಯ. ನಾಲ್ಕು ಸಲ ಬೈದು ಬರೆದೆ, ನಾಲ್ಕನ್ನೂ ಹರಿದೆ. ಕಾಗದದಲ್ಲಿ ಬೈದರೆ ಅದು ನಿನಗೆ ಮುಟ್ಟುವುದು ವಾರದ ಮೇಲೆ, ನೀನು ಅತ್ತದ್ದು ನನಗೆ ಗೊತ್ತಾಗುವುದು ಇನ್ನೆರಡು ವಾರಕ್ಕೆ. ಅಷ್ಟು ದಿನ ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗುವುದಿಲ್ಲ.

ಸತ್ತದ್ದನ್ನು ಬೇರೆ ಯಾರಾದರೂ ಎಣಿಸಲಿ. ಇದಕ್ಕೆ ಉತ್ತರ ಬರೆಯಬೇಡ, ನೀನೇ ಬಾ. ಎದುರಿಗೆ ಕೂರಿಸಿಕೊಂಡು ಬಾಯಿಗೆ ಬಂದ ಹಾಗೆ ಬೈಯಬೇಕು ನಿನ್ನನ್ನು. ಮಧ್ಯಾಹ್ನ ಮೂರೂವರೆಯೊಳಗೆ ಬೈದು ಮುಗಿಸುತ್ತೇನೆ, ಆಮೇಲೆ ಪಂಪು ಹಾಕುವುದಿದೆ.

ತಮ್ಮ